ಹಣ್ಣಿನ ಸ್ಮೂದಿಯೂ ಗುಪ್ತೋಷ್ಣವೂ

ಕೃಷ್ಣೆ ತುಂಗಭದ್ರೆಗಳ ನಡುವೆ ಹರಡಿರುವ ರಾಯಚೂರು ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳುಗಳ ನಡುಹಗಲಿನ ಉಷ್ಣಮಾನವು 40 ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಸರ್ವಸಾಮಾನ್ಯವಾದ ಸಂಗತಿ. ಇಂಥ ಕಾಲದಲ್ಲಿ ತಣ್ಣಗಿರುವ ಏನನ್ನಾದರೂ ಕುಡಿಯಬೇಕೆಂಬ ಹಂಬಲಕ್ಕೆ ಕಾರಣವನ್ನು ಹುಡುಕಬೇಕಾಗಿಲ್ಲ. ಮಜ್ಜಿಗೆ, ಬೇಲದ ಹಣ್ಣಿನ ಪಾನಕ, ಮಾವಿನ ಸೀಕರಣೆ ಇವೆಲ್ಲ ನಮ್ಮ ಹಿರಿಯರು ಕಂಡುಕೊಂಡ ಉಪಾಯಗಳು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಪಾನೀಯಗಳಿಗೆಂದೇ ಒಂದು ಪ್ರಕರಣವು ಮೀಸಲಾಗಿದೆ. ಈಚೆಗೆ ಈ ಹಳೆಯ ಸಾಲಿಗೆ ‘ಸ್ಮೂದಿ’ ಎಂಬ ಹೊಸ ಹೆಸರೊಂದು ಬಂದು ಸೇರಿದೆ. ಹಣ್ಣನ್ನು ಹಿಂಡಿ ಸೋಸದೆ, ತಿರುಳು ಸಮೇತ ಹಾಲು ಇಲ್ಲವೆ ಮೊಸರಿನೊಡನೆ ಮಿಕ್ಸರಿನಲ್ಲಿ ನುಣ್ಣಗೆ ಅರೆದು, ಮಂದವಾಗಿ, ತಣ್ಣಗೆ ಕುಡಿಯುವ ಪಾನೀಯವೇ ಸ್ಮೂದಿ. ಸೀಕರಣೆಗೆ ಇದು ದೂರದ ನೆಂಟನೇನೂ ಅಲ್ಲ. ಕೈಯಿಂದ ಕಿವುಚಿದರೆ ಸೀಕರಣೆ, ವಿದ್ಯುತ್ತಿನಿಂದ ಕಿವುಚಿ ತಣಿಸಿದರೆ ಸ್ಮೂದಿ ಎಂದರೂ ಸರಿಯೇ.

ಹಣ್ಣು, ಹಾಲು, ಮಿಕ್ಸರು ಮೂರೂ ಮನೆಯಲ್ಲಿದ್ದರೆ ಸ್ಮೂದಿಯನ್ನು ಮಾಡುವುದರಲ್ಲಿ ಕಷ್ಟವೇನಿದೆ ಎಂದು ವಾಚಕರು ಕೇಳಬಹುದು. ಅರೆಯುವುದರಲ್ಲಿ ಕಷ್ಟವಿಲ್ಲ, ತಣಿಸುವುದರಲ್ಲಿದೆ. ಸಾಮಾನ್ಯವಾಗಿ ಎಲ್ಲರೂ ಮಾಡುವುದೆಂದರೆ ಜಾಡಿಯೊಳಕ್ಕೆ ನಾಲ್ಕಾರು ತುಂಡು ಮಂಜುಗಡ್ಡೆಯನ್ನು ಹಾಕುವುದು. ಈ ಸರಳವಾದ ಕ್ರಿಯೆಯ ಲೆಕ್ಕವನ್ನು ನಾವು ಒಮ್ಮೆ ಹಾಕಿ ನೋಡೋಣ.

ರಾಯಚೂರು ತಾಲ್ಲೂಕಿನ ಚಂದ್ರಬಂಡದ ಒಂದು ಮನೆಯಲ್ಲಿ ಮೇ ತಿಂಗಳ ಒಂದು ಮಧ್ಯಾಹ್ನವೆಂದು ಭಾವಿಸಿರಿ. ಹೊರಗೆ ಎಷ್ಟೇ ಬಿಸಿಲಿರಲಿ, ಅಡುಗೆಮನೆಯ ಒಳಗೆ 36 ಡಿಗ್ರಿ ಇದೆ. 300 ಗ್ರಾಂ ಹಾಲು ಇದೆ. ಆಗತಾನೆ ಕಾಯಿಸಿ ಆರಿಸಿದ್ದು. 200 ಗ್ರಾಂ ಸುಲಿದ ಬಾಳೆಹಣ್ಣು ಇದೆ. ಎರಡೂ 36 ಡಿಗ್ರಿಯಲ್ಲಿಯೇ ಇವೆ. ಇವನ್ನು 5 ಡಿಗ್ರಿಗೆ ಇಳಿಸಬೇಕು. ಹಣ್ಣು ಹಾಲುಗಳ ಮಿಶ್ರಣದ ವಿಶಿಷ್ಟೋಷ್ಣವನ್ನು ಗ್ರಾಮಿಗೆ 0.9 ಕ್ಯಾಲೊರಿ ಎಂದು ಹಿಡಿದರೆ, ಹೊರಗೆ ತೆಗೆಯಬೇಕಾದ ಶಾಖವು 500 × 0.9 × 31, ಅಂದರೆ ಸುಮಾರು 14,000 ಕ್ಯಾಲೊರಿ. (ಇಲ್ಲಿ ಹೇಳುವ ಕ್ಯಾಲೊರಿ ಭೌತವಿಜ್ಞಾನದ್ದು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು ಬೇಕಾದಷ್ಟು ಶಾಖ. ಆಹಾರದ ಪೊಟ್ಟಣಗಳ ಮೇಲೆ ಅಚ್ಚಾಗುವ ಕ್ಯಾಲೊರಿಯು ಇದರ ಸಾವಿರ ಪಟ್ಟು.)

ಈ ಶಾಖವನ್ನು ಮಂಜುಗಡ್ಡೆಯು ಹೇಗೆ ನುಂಗುತ್ತದೆ? 1760ರ ದಶಕದಲ್ಲಿ ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್ ಎಂಬ ವಿಜ್ಞಾನಿಯು ಒಂದು ವಿಚಿತ್ರವನ್ನು ಗಮನಿಸಿದನು. ಕರಗುತ್ತಿರುವ ಮಂಜುಗಡ್ಡೆಗೆ ಎಷ್ಟು ಶಾಖವನ್ನು ಕೊಟ್ಟರೂ, ಅದು ಪೂರ್ತಿ ಕರಗುವವರೆಗೆ ಅದರ ಉಷ್ಣಮಾನವು ಏರುವುದೇ ಇಲ್ಲ. ಕೊಟ್ಟ ಶಾಖವೆಲ್ಲ ಘನವನ್ನು ದ್ರವವಾಗಿಸುವುದರಲ್ಲಿಯೇ ಕಳೆದುಹೋಗುತ್ತದೆ. ಥರ್ಮಾಮೀಟರಿಗೆ ಕಾಣದೆ ಅಡಗಿಕೊಳ್ಳುವುದರಿಂದ ಅದಕ್ಕೆ ಗುಪ್ತೋಷ್ಣವೆಂದು ಹೆಸರು. ಮಂಜುಗಡ್ಡೆಯ ಗುಪ್ತೋಷ್ಣ ಗ್ರಾಮಿಗೆ 80 ಕ್ಯಾಲೊರಿ. ಸೊನ್ನೆ ಡಿಗ್ರಿಯ ಒಂದು ಗ್ರಾಂ ಮಂಜುಗಡ್ಡೆಯು ಕರಗಿ 5 ಡಿಗ್ರಿಯ ನೀರಾಗುವಾಗ 85 ಕ್ಯಾಲೊರಿಯನ್ನು ಹೀರಿಕೊಳ್ಳುತ್ತದೆ. ಆದುದರಿಂದ ನಮ್ಮ 14,000 ಕ್ಯಾಲೊರಿಗೆ ಬೇಕಾಗುವ ಮಂಜುಗಡ್ಡೆ ಸುಮಾರು 164 ಗ್ರಾಂ.

ಸಂಖ್ಯೆಯು ಅಷ್ಟೇನೂ ದೊಡ್ಡದಲ್ಲವೆಂದು ತೋರಬಹುದು. ಆದರೆ ಆ 164 ಗ್ರಾಂ ಎಲ್ಲಿಗೂ ಹೋಗುವುದಿಲ್ಲ. ಲೋಟದಲ್ಲಿಯೇ ನೀರಾಗಿ ಉಳಿಯುತ್ತದೆ. ನಾವು ಕುಡಿಯುವ 664 ಗ್ರಾಮಿನಲ್ಲಿ ನಾಲ್ಕನೆಯ ಒಂದು ಪಾಲು ಬರಿಯ ನೀರು. ಹಣ್ಣಿನ ಮಂದತೆಯನ್ನು ಬಯಸಿ ಸ್ಮೂದಿ ಮಾಡಹೊರಟವರು ನೀರುಹಾಲು ಕುಡಿದು ಏಳುತ್ತಾರೆ. ರುಚಿ ಕೆಟ್ಟಿತೆಂದು ಸಕ್ಕರೆಯನ್ನು ಸುರಿಯುತ್ತಾರೆ.

ರುಚಿಯ ನಷ್ಟವನ್ನು ಹೇಗೋ ಸಹಿಸಬಹುದು. ಎರಡನೆಯ ತೊಂದರೆ ಅಂಥದಲ್ಲ. ಮಂಜುಗಡ್ಡೆಯು ಯಾವ ನೀರಿನಿಂದಾದುದು? 2022ರ ಮೇ ತಿಂಗಳ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತವಾದ ನಲ್ಲಿಯ ನೀರನ್ನು ಕುಡಿದು ಅನೇಕರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದುದನ್ನೂ, ಕೆಲವರು ಪ್ರಾಣವನ್ನೇ ಕಳೆದುಕೊಂಡುದನ್ನೂ ಈ ಜಿಲ್ಲೆಯವರು ಮರೆತಿರಲಾರರು. ಅಂಥ ನೀರನ್ನು ಹೆಪ್ಪುಗಟ್ಟಿಸಿದರೆ ಅದು ಶುದ್ಧವಾಗುವುದೆಂಬ ನಂಬಿಕೆಯು ವಿದ್ಯಾವಂತರಲ್ಲಿಯೂ ಇದೆ. ಇದು ತಪ್ಪು. ಕುದಿಯುವಿಕೆಯು ರೋಗಾಣುಗಳನ್ನು ಕೊಲ್ಲುತ್ತದೆ; ಹೆಪ್ಪುಗಟ್ಟುವಿಕೆಯು ಅವುಗಳಲ್ಲಿ ಹಲವನ್ನು ಮಲಗಿಸುತ್ತದೆ, ಅಷ್ಟೆ. ಗಡ್ಡೆ ಕರಗಿದೊಡನೆ ಅವು ಎಚ್ಚರಗೊಳ್ಳುತ್ತವೆ. ಮೀನು ಸಾಗಿಸುವುದಕ್ಕೆಂದು ತಯಾರಿಸಿದ ದೊಡ್ಡ ಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ, ನೆಲದ ಮೇಲೆ ಎಳೆದು, ಕುಟ್ಟಿ ಲೋಟಕ್ಕೆ ಹಾಕುವುದನ್ನು ಕಂಡವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಮಿಕ್ಸರಿನ ಅಲಗು ಎಷ್ಟೇ ಚೂಪಾಗಿರಲಿ, ಬ್ಯಾಕ್ಟೀರಿಯವನ್ನು ಅರೆದು ಕೊಲ್ಲಲಾರದು.

ಹಾಗಾದರೆ ಮಂಜುಗಡ್ಡೆಯಿಲ್ಲದೆ ಗುಪ್ತೋಷ್ಣದ ಲಾಭವನ್ನು ಪಡೆಯುವ ಬಗೆ ಯಾವುದು? ಉತ್ತರವು ಹಣ್ಣಿನೊಳಗೇ ಇದೆ. ಬಾಳೆಹಣ್ಣಿನ ತೂಕದಲ್ಲಿ ಸುಮಾರು ನೂರಕ್ಕೆ 75 ಪಾಲು ನೀರು. ಮಾವಿನಲ್ಲಿ 83, ಪಪ್ಪಾಯಿಯಲ್ಲಿ 88, ಕಲ್ಲಂಗಡಿಯಲ್ಲಿ 90ಕ್ಕೂ ಹೆಚ್ಚು. ಪ್ರಕೃತಿಯೇ ಸೋಸಿ, ಸಕ್ಕರೆ ಬೆರೆಸಿ, ಸಿಪ್ಪೆಯೊಳಗೆ ಮುಚ್ಚಿಟ್ಟ ನೀರಿದು. ಈ ನೀರನ್ನೇ ಹೆಪ್ಪುಗಟ್ಟಿಸಿದರೆ ಹಣ್ಣೇ ಮಂಜುಗಡ್ಡೆಯಾಗುತ್ತದೆ. ಕರಗಿದಾಗ ಸೇರುವುದು ಹೊರಗಿನ ನೀರಲ್ಲ, ಹಣ್ಣಿನದೇ ರಸ.

ಇದರ ಲೆಕ್ಕವನ್ನೂ ನೋಡೋಣ. ಬಾಳೆಹಣ್ಣನ್ನು ತಂಪುಪೆಟ್ಟಿಗೆಯ ಹಿಮದ ಖಾನೆಯಲ್ಲಿ ರಾತ್ರಿಯೆಲ್ಲ ಇಟ್ಟಿದ್ದರಿಂದ ಅದು ಸೊನ್ನೆಗಿಂತ 15 ಡಿಗ್ರಿ ಕೆಳಗಿದೆ ಎನ್ನೋಣ. ಹಣ್ಣಿನಲ್ಲಿ ಸಕ್ಕರೆ ಕರಗಿರುವುದರಿಂದ ನೀರೆಲ್ಲವೂ ಗಟ್ಟಿಯಾಗದು. ಒಂದು ಪಾಲು ಸಕ್ಕರೆಪಾಕದಂತೆ ಉಳಿದೇ ಇರುತ್ತದೆ. ಆದುದರಿಂದ ಜಿಪುಣತನದಿಂದಲೇ ಗುಪ್ತೋಷ್ಣವನ್ನು ಗ್ರಾಮಿಗೆ 50 ಕ್ಯಾಲೊರಿ ಎಂದು ಹಿಡಿಯುತ್ತೇವೆ. 15 ಡಿಗ್ರಿ ಕೆಳಗಿನಿಂದ ಸೊನ್ನೆಗೆ ಬರುವಲ್ಲಿ ಇನ್ನೊಂದು 7 ಕ್ಯಾಲೊರಿ ಸೇರಿ ಗ್ರಾಮಿಗೆ 57. 200 ಗ್ರಾಮಿಗೆ 11,400 ಕ್ಯಾಲೊರಿ. ಅತ್ತ 300 ಗ್ರಾಂ ಹಾಲನ್ನು 36ರಿಂದ ಸೊನ್ನೆಗೆ ಇಳಿಸಲು ತೆಗೆಯಬೇಕಾದುದು, ಹಾಲಿನ ವಿಶಿಷ್ಟೋಷ್ಣವು 0.93 ಆಗಿರುವುದರಿಂದ, ಸುಮಾರು 10,000 ಕ್ಯಾಲೊರಿ. ಹಾಲೆಲ್ಲ ಸೊನ್ನೆಗೆ ಇಳಿದ ಮೇಲೂ 1,400 ಕ್ಯಾಲೊರಿಯಷ್ಟು ಶಕ್ತಿ ಹಣ್ಣಿನಲ್ಲಿ ಮಿಕ್ಕಿದೆ! ಒಂದು ಹನಿ ನೀರನ್ನೂ ಬೆರೆಸದೆ, ಅಲ್ಲಲ್ಲಿ ಹಿಮದ ಹರಳುಳ್ಳ ಮಂದವಾದ ಪಾನೀಯವು ಸಿದ್ಧವಾಗಬೇಕು.

ಆಗಬೇಕು, ಆದರೆ ಲೆಕ್ಕದಲ್ಲಿ ಮಿಕ್ಸರನ್ನು ನಾವು ಮರೆತೆವು. ಕಳೆದ ಶತಮಾನಕ್ಕೂ ಹಿಂದೆ, 1840ರ ದಶಕದಲ್ಲಿ, ಇಂಗ್ಲೆಂಡಿನ ಜೂಲ್ ಎಂಬಾತನು ನೀರಿನ ಪಾತ್ರೆಯಲ್ಲಿ ಹುಟ್ಟುಗಳನ್ನು ತಿರುಗಿಸಿ, ಕೆಲಸವು ಶಾಖವಾಗುವುದನ್ನು ಅಳೆದು ತೋರಿಸಿದನು. ಪಠ್ಯಪುಸ್ತಕದಲ್ಲಿ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಆ ಪ್ರಯೋಗವು ನಿತ್ಯವೂ ಅಡುಗೆಮನೆಯಲ್ಲಿ ನಡೆಯುತ್ತಿದೆ. 500 ವ್ಯಾಟಿನ ಮಿಕ್ಸರು ಒಂದು ನಿಮಿಷದಲ್ಲಿ ಬಳಸುವ ಶಕ್ತಿ 30,000 ಜೂಲ್, ಅಂದರೆ 7,000 ಕ್ಯಾಲೊರಿಗೂ ತುಸು ಹೆಚ್ಚು. ಮೋಟಾರಿನಲ್ಲಿಯೇ ವ್ಯಯವಾಗುವುದನ್ನು ಕಳೆದು ಅರ್ಧ ಮಾತ್ರ ಜಾಡಿಗೆ ಸೇರಿತೆಂದರೂ 3,500 ಕ್ಯಾಲೊರಿ. ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕವನ್ನು ಆರಂಭಿಸಿದ ಉಷ್ಣ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲಿನ ಶಾಖವು ವಿದ್ಯುತ್ತಾಗುತ್ತದೆ. ಆ ವಿದ್ಯುತ್ತು ಚಂದ್ರಬಂಡದ ಲೋಟದಲ್ಲಿ ಮರಳಿ ಶಾಖವಾಗುತ್ತದೆ. ತಂಪು ಪಾನೀಯವನ್ನು ಮಾಡುವ ಯಂತ್ರವೇ ಅದನ್ನು ಬಿಸಿಮಾಡುವ ಯಂತ್ರವೂ ಆಗಿದೆ.

ಈಗ ಲೆಕ್ಕವನ್ನು ತಿದ್ದೋಣ. ಒಂದು ನಿಮಿಷ ಅರೆದರೆ ಹಾಲಿನ 10,000 ಮತ್ತು ಮೋಟಾರಿನ 3,500 ಸೇರಿ 13,500 ಕ್ಯಾಲೊರಿ. ಹಣ್ಣು ಹೀರಬಲ್ಲುದು 11,400. ಉಳಿದ 2,100 ಕ್ಯಾಲೊರಿಯು 500 ಗ್ರಾಂ ಪಾನೀಯವನ್ನು ಸುಮಾರು 5 ಡಿಗ್ರಿಗೆ ಏರಿಸುತ್ತದೆ. ಅರ್ಧ ನಿಮಿಷಕ್ಕೆ ನಿಲ್ಲಿಸಿದರೆ ಏರಿಕೆಯು ಒಂದೇ ಡಿಗ್ರಿ. ಎರಡು ನಿಮಿಷ ಅರೆದರೆ 12 ಡಿಗ್ರಿಯನ್ನೂ ಮೀರುತ್ತದೆ. ‘ಇನ್ನಷ್ಟು ನುಣ್ಣಗಾಗಲಿ’ ಎಂದು ಗುಂಡಿಯನ್ನು ತಿರುಗಿಸಿಯೇ ಇಡುವವರು ಇದನ್ನು ನೆನಪಿಡಬೇಕು. ಅರ್ಧ ನಿಮಿಷದಲ್ಲಿ ನುಣ್ಣಗಾಗುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳುವುದೇ ಜಾಣತನ.

ಆ ಏರ್ಪಾಡು ಹೀಗೆ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಸುಲಿದೇ ಹಿಮದ ಖಾನೆಗೆ ಇಡಬೇಕು. ಸಿಪ್ಪೆ ಸಮೇತ ಇಟ್ಟರೆ ಅದು ಕಪ್ಪಾಗಿ, ಕಲ್ಲಿನಂತೆ ಅಂಟಿಕೊಂಡು, ಸುಲಿಯಹೋದವರ ಬೆರಳುಗಳು ಮರಗಟ್ಟುತ್ತವೆ. ಸುಲಿದುದನ್ನು ರೂಪಾಯಿ ನಾಣ್ಯದಷ್ಟಗಲದ ಬಿಲ್ಲೆಗಳಾಗಿ ಕೊಯ್ದು, ಒಂದಕ್ಕೊಂದು ತಾಗದಂತೆ ತಟ್ಟೆಯ ಮೇಲೆ ಹರಡಿ, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿಡಬಹುದು. ಗಡಸಾದ ಸಣ್ಣ ಬಿಲ್ಲೆಯು ಅಲಗಿನ ಏಟಿಗೆ ಗಾಜಿನಂತೆ ಚೂರಾಗುತ್ತದೆ. ಹಿಮದ ಹರಳು 50 ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿಗಿಂತ, ಚಿಕ್ಕದಾದರೆ ನಾಲಗೆಗೆ ಅದು ಬೇರೆಯಾಗಿ ತಿಳಿಯುವುದಿಲ್ಲ, ಬೆಣ್ಣೆಯಂತೆ ನುಣುಪೆನಿಸುತ್ತದೆ.

ಜಾಡಿಯಲ್ಲಿ ಯಾವುದು ಮೊದಲು ಎಂಬುದೂ ಮುಖ್ಯ. ಹಾಲು ಅಡಿಯಲ್ಲಿರಬೇಕು, ಹೆಪ್ಪುಗಟ್ಟಿದ ಹಣ್ಣು ಮೇಲಿರಬೇಕು. ನಿಮಿಷಕ್ಕೆ 10,000 ಸುತ್ತು ತಿರುಗುವ, 3 ಸೆಂಟಿಮೀಟರ್ ಉದ್ದದ ಅಲಗಿನ ತುದಿಯ ವೇಗವನ್ನು ಎಣಿಸಿದರೆ ಸೆಕೆಂಡಿಗೆ 31 ಮೀಟರ್, ಗಂಟೆಗೆ 110 ಕಿಲೋಮೀಟರಿಗೂ ಹೆಚ್ಚು. ವೇಗದ ರೈಲುಗಾಡಿಗೆ ಸಮ. ಇಷ್ಟು ಬಿರುಸಾಗಿ ತಿರುಗುವ ಅಲಗಿನ ಸುತ್ತ ಗಟ್ಟಿ ಹಣ್ಣೇ ಇದ್ದರೆ, ಹತ್ತಿರದ ತುಂಡುಗಳನ್ನು ಅದು ಚದರಿಸಿ ತನ್ನ ಸುತ್ತ ಒಂದು ಗಾಳಿಯ ಗುಳ್ಳೆಯನ್ನು ಮಾಡಿಕೊಂಡು ಅದರಲ್ಲಿಯೇ ಸುತ್ತುತ್ತಿರುತ್ತದೆ. ಸದ್ದು ಮಾತ್ರ ಏರುತ್ತದೆ, ಕೆಲಸ ನಡೆಯುವುದಿಲ್ಲ. ದ್ರವವಿದ್ದರೆ ಸುಳಿಯೇಳುತ್ತದೆ; ನಡುವೆ ತಗ್ಗಾಗಿ, ಅಂಚಿನಲ್ಲಿ ಏರಿ, ಮೇಲಿನ ತುಂಡುಗಳನ್ನು ಒಂದೊಂದಾಗಿ ಅಲಗಿನ ಬಾಯಿಗೆ ತಂದುಹಾಕುತ್ತದೆ.

ಸುಳಿಯೊಂದರಿಂದಲೇ ಬೆರೆಯುವಿಕೆಯು ಆಗದೆಂಬುದನ್ನೂ ಇಲ್ಲಿ ಹೇಳಬೇಕು. ದ್ರವವೆಲ್ಲ ಒಟ್ಟಿಗೆ ಒಂದೇ ವೇಗದಲ್ಲಿ ತಿರುಗಿದರೆ, ಒಂದು ಪದರವು ಇನ್ನೊಂದರ ಮೇಲೆ ಜಾರುವುದಿಲ್ಲ, ಜಾರದೆ ಬೆರೆಯುವುದಿಲ್ಲ. ಮೊಸರು ಕಡೆಯುವ ನಮ್ಮ ತಾಯಂದಿರಿಗೆ ಇದು ಎಂದೋ ತಿಳಿದಿತ್ತು. ಕಡೆಗೋಲಿನ ಹಗ್ಗದ ಒಂದು ತುದಿಯನ್ನು ಎಳೆದು, ಮರುಕ್ಷಣವೇ ಇನ್ನೊಂದನ್ನು ಎಳೆಯುವುದರಿಂದ ಕೋಲು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ಮೊಸರು ಕೋಲಿನ ಜೊತೆ ಹೊಂದಿಕೊಂಡು ಓಡುವಷ್ಟರಲ್ಲಿ ಕೋಲು ದಿಕ್ಕು ಬದಲಿಸಿರುತ್ತದೆ. ಒಂದೇ ದಿಕ್ಕಿಗೆ ತಿರುಗುವ ಮಿಕ್ಸರಿಗೆ ಈ ಸೌಕರ್ಯವಿಲ್ಲ. ಅದಕ್ಕಾಗಿಯೇ ಜಾಡಿಯ ಒಳಗೋಡೆಯಲ್ಲಿ ಉದ್ದುದ್ದ ಏಣುಗಳನ್ನು ಮಾಡಿರುತ್ತಾರೆ. ಅವು ದ್ರವದ ಓಟಕ್ಕೆ ಅಡ್ಡಬಂದು ಅದನ್ನು ಕಲಕುತ್ತವೆ. ಪಾತ್ರೆಯ ತಳದಲ್ಲಿ ಅಲಗನ್ನಿಟ್ಟು ಪಾನೀಯವನ್ನು ಕಲಕುವ ಯಂತ್ರಕ್ಕೆ ಅಮೆರಿಕದ ಸ್ಟೀಫನ್ ಪಾಪ್ಲಾವ್ಸ್ಕಿ ಎಂಬಾತನು ಪೇಟೆಂಟು ಕೋರಿದುದು 1922ರಲ್ಲಿ. ಕಡೆಗೋಲಿನ ವಯಸ್ಸನ್ನು ಎಣಿಸಿದವರಿಲ್ಲ.

ತಂಪುಪೆಟ್ಟಿಗೆಯಿಲ್ಲದ ಮನೆಗಳ ಮಾತೇನು? ಅಲ್ಲಿಯೂ ಗುಪ್ತೋಷ್ಣವೇ ನೆರವಿಗೆ ಬರುತ್ತದೆ, ಇನ್ನೊಂದು ವೇಷದಲ್ಲಿ. ಮಣ್ಣಿನ ಹರವಿಯ ಮೈಯಿಂದ ಜಿನುಗುವ ನೀರು ಆವಿಯಾಗುವಾಗ ಗ್ರಾಮಿಗೆ 580 ಕ್ಯಾಲೊರಿಯಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಮಂಜುಗಡ್ಡೆಯು ಕರಗುವಾಗ ಹೀರುವುದರ ಏಳು ಪಟ್ಟು! ಆದರೆ ಈ ತಂಪಿಗೆ ಒಂದು ಮಿತಿಯಿದೆ. ಗಾಳಿಯಲ್ಲಿರುವ ತೇವವು ಅದನ್ನು ನಿಶ್ಚಯಿಸುತ್ತದೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆಯನ್ನು ಸುತ್ತಿ ಗಾಳಿಗೆ ಹಿಡಿದರೆ ಅದು ತೋರಿಸುವ ಉಷ್ಣಮಾನವೇ ಆ ಮಿತಿ. 42 ಡಿಗ್ರಿಯ, ನೂರಕ್ಕೆ 20ರಷ್ಟು ಮಾತ್ರ ಆರ್ದ್ರತೆಯಿರುವ ರಾಯಚೂರಿನ ಒಣ ಹವೆಯಲ್ಲಿ ಅದು 24 ಡಿಗ್ರಿಯ ಸಮೀಪ. 34 ಡಿಗ್ರಿಯ, ನೂರಕ್ಕೆ 70ರ ಆರ್ದ್ರತೆಯ ಮಂಗಳೂರಿನ ಹವೆಯಲ್ಲಿ 29ರ ಸಮೀಪ. ಬಿಸಿಲು ಹೆಚ್ಚಿರುವ ಊರಿನಲ್ಲಿಯೇ ಹರವಿಯ ನೀರು ಹೆಚ್ಚು ತಣ್ಣಗಿರುತ್ತದೆಂಬುದು ಮೊದಲ ಬಾರಿಗೆ ಕೇಳಿದವರಿಗೆ ಸೋಜಿಗವೆನಿಸೀತು.

ಆದುದರಿಂದ ಹಣ್ಣನ್ನೂ, ಮುಚ್ಚಿದ ಹಾಲಿನ ಪಾತ್ರೆಯನ್ನೂ ಹರವಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ 36 ಇದ್ದುದು 26ಕ್ಕೆ ಇಳಿಯುತ್ತದೆನ್ನಬಹುದು. (ಆ ನೀರನ್ನು ಬಳಿಕ ಕುಡಿಯಲು ಬಳಸಬಾರದು. ಕಾಯಿಸಿದ ಹಾಲನ್ನಾದರೂ ಈ ಉಷ್ಣಮಾನದಲ್ಲಿ ಹೆಚ್ಚು ಹೊತ್ತು ಇಡುವುದು ಕ್ಷೇಮವಲ್ಲ, ಮೊಸರಾದರೆ ಮೇಲು.) ಅಲ್ಲಿಂದ 5 ಡಿಗ್ರಿಗೆ ಇಳಿಸಲು ಬೇಕಾಗುವ ಮಂಜುಗಡ್ಡೆ 164 ಅಲ್ಲ, ಸುಮಾರು 111 ಗ್ರಾಂ. ಆ ಮಂಜುಗಡ್ಡೆಯನ್ನು ಪೇಟೆಯಿಂದಲೇ ತರಬೇಕಾಗಿ ಬಂದರೆ, ದಯವಿಟ್ಟು ಪಾನೀಯದ ಒಳಕ್ಕೆ ಹಾಕಬೇಡಿರಿ, ಹೊರಗಿಡಿರಿ. ಅಗಲವಾದ ಬೋಗುಣಿಯಲ್ಲಿ ಮಂಜುಗಡ್ಡೆಯ ಚೂರನ್ನೂ ಸ್ವಲ್ಪ ನೀರನ್ನೂ ಹಾಕಿ, ಅದರ ನಡುವೆ ಅರೆದ ಪಾನೀಯವಿರುವ, ಮುಚ್ಚಳವುಳ್ಳ ಸ್ಟೀಲಿನ ಪಾತ್ರೆಯನ್ನಿಟ್ಟು, ಆಗಾಗ ಪಾತ್ರೆಯನ್ನು ಅಲುಗಾಡಿಸುತ್ತಿರಬೇಕು. ಬೋಗುಣಿಗೆ ಗೋಣಿತಟ್ಟನ್ನು ಸುತ್ತಬೇಕು, ಇಲ್ಲವಾದರೆ ಮಂಜುಗಡ್ಡೆಯು ಅಡುಗೆಮನೆಯ ಗಾಳಿಯನ್ನು ತಣಿಸುವುದರಲ್ಲಿಯೇ ಕರಗಿಹೋದೀತು. ಖರ್ಚು ಒಂದಿಷ್ಟು ಹೆಚ್ಚುತ್ತದೆ ನಿಜ. ಆದರೆ ಲೋಹದ ಗೋಡೆಯನ್ನು ಶಾಖವು ದಾಟುತ್ತದೆ, ರೋಗಾಣು ದಾಟುವುದಿಲ್ಲ.

ಇನ್ನು ಯಾವ ಹಣ್ಣಿಗೆ ಯಾವ ಜೊತೆ ಎಂಬ ವಿಚಾರ. ಇದು ರಸಾಯನವಿಜ್ಞಾನದವರ ಪ್ರಾಂತವಾದುದರಿಂದ ನಾವು ಸಂಕ್ಷೇಪವಾಗಿ ಹೇಳುತ್ತೇವೆ. ಮೋಸಂಬಿ, ನಿಂಬೆಯಂಥ ಹುಳಿ ಹಣ್ಣುಗಳು ಹಾಲನ್ನು ಒಡೆಯುತ್ತವೆ. ಅನಾನಸು ಮತ್ತು ಅರೆಗಾಯಿ ಪಪ್ಪಾಯಿಯಲ್ಲಿರುವ ಎಂಜೈಮುಗಳು ಹಾಲಿನ ಪ್ರೋಟೀನನ್ನು ತುಂಡರಿಸುವುದರಿಂದ, ಸ್ವಲ್ಪ ಹೊತ್ತು ಇಟ್ಟರೆ ಪಾನೀಯವು ಕಹಿಯಾಗುತ್ತದೆ. ಬಾಳೆಹಣ್ಣನ್ನು ಕೊಯ್ದಾಗ ಕಂದಿಸುವ ಎಂಜೈಮಂತೂ ಜೊತೆಯ ಹಣ್ಣಿನ ಮೇಲೂ ಕೈಮಾಡುತ್ತದೆ. 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಬಾಳೆಹಣ್ಣು ಬೆರೆತ ಸ್ಮೂದಿಯನ್ನು ಕುಡಿದವರ ದೇಹಕ್ಕೆ ಸೇರಿದ ಫ್ಲಾವನಾಲುಗಳೆಂಬ ಉಪಯುಕ್ತ ವಸ್ತುಗಳು, ಅವನ್ನು ಗುಳಿಗೆಯಾಗಿ ನುಂಗಿದಾಗ ಸೇರಿದುದಕ್ಕಿಂತ ನೂರಕ್ಕೆ 84ರಷ್ಟು ಕಡಿಮೆಯಾಗಿದ್ದುವು. ಆ ವಸ್ತುಗಳಿಗಾಗಿಯೇ ದ್ರಾಕ್ಷಿ ಮೊದಲಾದ ಹಣ್ಣುಗಳ ಸ್ಮೂದಿಯನ್ನು ಮಾಡುವವರು ಅದಕ್ಕೆ ಬಾಳೆಯನ್ನು ಬೆರೆಸದಿರುವುದು ಲೇಸು. ಬಾಳೆ ಹಾಲುಗಳ ಜೋಡಿಗೆ ಇದರಿಂದ ಬಾಧಕವಿಲ್ಲ. ಬಾಳೆಯ ಸಕ್ಕರೆ, ಪೊಟ್ಯಾಸಿಯಂಗಳು ಎಲ್ಲಿಗೂ ಹೋಗುವುದಿಲ್ಲ.

ಸಿದ್ಧವಾದ ಸ್ಮೂದಿಯನ್ನು ಲೋಟಕ್ಕೆ ಸುರಿದ ಮೇಲೆ ಒಂದು ಚಿಕ್ಕ ಪರೀಕ್ಷೆಯನ್ನು ವಿದ್ಯಾರ್ಥಿಗಳು ಮಾಡಬಹುದು. ಒಂದು ಲೋಟದಲ್ಲಿ ಬಾಳೆಯದು, ಇನ್ನೊಂದರಲ್ಲಿ ಕಲ್ಲಂಗಡಿಯದು ಇರಲಿ. ಅರ್ಧ ಗಂಟೆಯಲ್ಲಿ ಕಲ್ಲಂಗಡಿಯ ತಿರುಳೂ ತಿಳಿಯೂ ಬೇರ್ಪಡುತ್ತವೆ. ಬಾಳೆಯದು ಇದ್ದಂತೆಯೇ ಇರುತ್ತದೆ. ದ್ರವದಲ್ಲಿ ಕಣವು ಇಳಿಯುವ ವೇಗವು ಕಣದ ತ್ರಿಜ್ಯದ ವರ್ಗಕ್ಕೆ ಅನುಲೋಮವಾಗಿಯೂ ದ್ರವದ ಸ್ನಿಗ್ಧತೆಗೆ ವಿಲೋಮವಾಗಿಯೂ ಇರುತ್ತದೆಂದು ಸ್ಟೋಕ್ಸ್ 1851ರಲ್ಲಿ ತೋರಿಸಿದನು. ಕಣವನ್ನು ಅರ್ಧಕ್ಕೆ ಅರೆದರೆ ಇಳಿಯುವ ವೇಗ ಕಾಲು ಭಾಗ. ಬಾಳೆಯ ಪೆಕ್ಟಿನು ದ್ರವದ ಸ್ನಿಗ್ಧತೆಯನ್ನು ಎಷ್ಟು ಏರಿಸುತ್ತದೆಂದರೆ, ಕಣಗಳು ಕದಲಲಾರದೆ ನಿಂತಲ್ಲಿಯೇ ನಿಲ್ಲುತ್ತವೆ. ಮಂಜುಗಡ್ಡೆಯ ನೀರನ್ನು ಬೆರೆಸಿದರೆ ಈ ಸ್ನಿಗ್ಧತೆಯೇ ಮೊದಲು ಕುಸಿಯುವುದು.

ಅಭ್ಯಾಸಕ್ಕೊಂದು ಲೆಕ್ಕ: ಹರವಿಯಲ್ಲಿ 26 ಡಿಗ್ರಿಗೆ ತಣಿದ 250 ಗ್ರಾಂ ಹಾಲಿದೆ. ಮಿಕ್ಸರನ್ನು ಒಂದು ನಿಮಿಷ ಓಡಿಸಬೇಕಾಗಿದೆ. ಪಾನೀಯವು ಸೊನ್ನೆ ಡಿಗ್ರಿಯಲ್ಲಿಯೇ ಕೈಗೆ ಬರಬೇಕಾದರೆ ನೆರೆಮನೆಯ ತಂಪುಪೆಟ್ಟಿಗೆಯಿಂದ ತರಬೇಕಾದ ಹೆಪ್ಪುಗಟ್ಟಿದ ಬಾಳೆಹಣ್ಣು ಎಷ್ಟು? ಮೇಲಿನ ಅಂಕಿಗಳನ್ನೇ ಬಳಸಿದರೆ ಉತ್ತರವು 167 ಗ್ರಾಮಿನ ಆಸುಪಾಸಿನಲ್ಲಿ ಬರಬೇಕು. ನೆರೆಮನೆಯಿಂದ ಬರುವ ದಾರಿಯಲ್ಲಿ ಕರಗುವುದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.